ಗಂಟೆಗೆ ಬರುವ ನಾಯಿ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಮ್ಮೂರ ಪಾಟೀಲ ಸತ್ತು ಬಹಳ ವರ್ಷವಾಯಿತು, ನನ್ನ ಸಿಟ್ಟು ಇನ್ನೂ ಗಟ್ಟಿಮುಟ್ಟಾಗಿದೆ. ಮೊಣಕಾಲು ಹಿಡಿದಿವೆ, ಕಣ್ಣಿಗೆ ಪೊರೆ ಬಂದಿದೆ, ಹಲ್ಲು ಅರ್ಧ ಉದುರಿವೆ. ಇದೊಂದು ಮಾತ್ರ ಇಪ್ಪತ್ತರ ಹರೆಯದಲ್ಲಿ ಹೇಗಿತ್ತೋ ಹಾಗೇ ಇದೆ. ಒಂದು ನಾಯಿಗಾಗಿ ಇಷ್ಟೊಂದು ಯಾಕೆ ಎಂದು ಮಕ್ಕಳು ನಗುತ್ತಾರೆ. ಅವರು ಆ ನಾಯಿಯನ್ನು ನೋಡಿಲ್ಲ.

ಮೊದಲು ಬೇಟೆಯ ವಿಷಯ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಪಾಟೀಲ ಮಾಡಿದ ತಪ್ಪೂ ತಿಳಿಯುವುದಿಲ್ಲ, ನಾನು ಮಾಡಿದ ತಪ್ಪೂ ತಿಳಿಯುವುದಿಲ್ಲ.

ನಿಜಾಮನ ಕಾಲದಲ್ಲಿ ನಮ್ಮೂರು ಔರಾದ್ ತಾಲೂಕಿನ ಅಂಚಿನಲ್ಲಿತ್ತು. ನಸುಕಿನಲ್ಲಿ ಹೊರಟರೆ ಬಿಸಿಲೇರುವುದರೊಳಗೆ ಭಾಲ್ಕಿಯ ಸಂತೆ ಮುಟ್ಟಬಹುದಿತ್ತು. ಚಳಿಗಾಲದಲ್ಲಿ ಕಡಲೆ ಗೇಣುದ್ದ ಬೆಳೆದಾಗ ಅದರ ಎಳೆ ಕುಡಿ ತಿನ್ನಲು ಮೊಲಗಳು ಗುಡ್ಡದಿಂದ ಹೊಲಕ್ಕೆ ಇಳಿಯುತ್ತಿದ್ದವು. ಅಮಾವಾಸ್ಯೆಯ ಆಚೆ ನಾಲ್ಕು ರಾತ್ರಿ, ಈಚೆ ನಾಲ್ಕು ರಾತ್ರಿ ನಾವು ಬೇಟೆಗೆ ಹೊರಡುತ್ತಿದ್ದೆವು. ನಾವೆಂದರೆ ಇಬ್ಬರೇ. ಒಬ್ಬ ನಾನು. ಇನ್ನೊಬ್ಬ, ಊರಿನ ತಾಮ್ರ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕುತ್ತಿದ್ದ ಮುಸಲ್ಮಾನರವನು, ನನ್ನ ತಂದೆಯ ವಯಸ್ಸಿನವನು. ನಾನು ಅವನನ್ನು ಚಾಚಾ ಎನ್ನುತ್ತಿದ್ದೆ. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳನ್ನು ಬೀದರಿಗೆ ಮದುವೆ ಮಾಡಿಕೊಟ್ಟಿದ್ದ. ತಿದಿ ಊದಿ ಊದಿ ಅವನ ಕೆಮ್ಮು ಊರಿಗೆಲ್ಲ ಗುರುತಾಗಿತ್ತು, ಆದರೆ ಬೇಟೆಯ ರಾತ್ರಿ ಅವನು ಒಂದು ಸಲವೂ ಕೆಮ್ಮಿದ್ದನ್ನು ನಾನು ಕೇಳಿಲ್ಲ.

ದೀಪ ಹೊರುವುದು ಚಾಚಾನ ಕೆಲಸ. ಮಡಿಕೆಯ ಒಂದು ಮಗ್ಗುಲನ್ನು ಅಂಗೈಯಗಲ ಒಡೆದು, ಒಳಗೆ ಔಡಲೆಣ್ಣೆಯ ಹಣತೆ ಇಟ್ಟು, ತಲೆಯ ಮೇಲೆ ಸಿಂಬಿ ಮಾಡಿ ಅದನ್ನು ಹೊತ್ತು ನಡೆಯುತ್ತಿದ್ದ. ಬೆಳಕು ಒಡೆದ ಬಾಯಿಂದ ಮುಂದಕ್ಕೆ ಮಾತ್ರ ಬೀಳುತ್ತದೆ. ಹೊತ್ತವನ ಮುಖವಾಗಲಿ, ಅವನ ಹಿಂದಿರುವ ನಾನಾಗಲಿ, ಹುರಿ ಕಟ್ಟಿದ ನಾಯಿಯಾಗಲಿ ಎದುರಿದ್ದವರಿಗೆ ಕಾಣುವುದಿಲ್ಲ. ನನ್ನ ಕೈಯಲ್ಲಿ ಕಂಚಿನ ಗಂಟೆ. ಅದನ್ನು ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ಒಂದೇ ಸಮನೆ ಬಾರಿಸುತ್ತ ನಡೆಯಬೇಕು. ಮೊಲ ಬೆಳಕು ಕಂಡು ಹಿಂಗಾಲ ಮೇಲೆ ಕೂತುಬಿಡುತ್ತದೆ. ಗಂಟೆಯ ಸದ್ದಿನಲ್ಲಿ ನಮ್ಮ ಹೆಜ್ಜೆ ಅದಕ್ಕೆ ಕೇಳಿಸುವುದಿಲ್ಲ. ಹತ್ತು ಮಾರು ಉಳಿದಾಗ ನಾನು ಗಂಟೆ ನಿಲ್ಲಿಸಿ ಹುರಿ ಬಿಡುತ್ತಿದ್ದೆ.

ಬೇಟೆಯಲ್ಲಿ ಬಾಯಿ ಬಿಡಬಾರದು. ರಾತ್ರಿ ಹೊಲದಲ್ಲಿ ಹೆಸರು ಹಿಡಿದು ಕೂಗಿದರೆ ಬೇರೆ ಯಾರೋ ಓಗೊಡುತ್ತಾರೆ ಎಂಬ ಭಯ ನಮ್ಮಲ್ಲಿತ್ತು, ಅದಕ್ಕೇ ಬೇಟೆ ನಾಯಿಗಳಿಗೆ ಹೆಸರೇ ಇಡುತ್ತಿರಲಿಲ್ಲ. ಮೊಲ ಹಿಡಿದ ನಾಯಿ ಕತ್ತಲಲ್ಲಿ ಎಲ್ಲೇ ಇರಲಿ, ಗಂಟೆ ಮತ್ತೆ ಬಾರಿಸಿದಾಗ ಆ ಸದ್ದಿಗೆ ಬರಬೇಕು. ಹಾಗೆ ಕಲಿಸಲು ಮರಿಯಿದ್ದಾಗಿನಿಂದ ಗಂಟೆ ಬಾರಿಸಿದ ಮೇಲೆಯೇ ರೊಟ್ಟಿ ಹಾಕುವುದು. ಮೂರು ತಿಂಗಳಾಗುವಷ್ಟರಲ್ಲಿ ಅದಕ್ಕೆ ತಾಯಿ ಯಾರು, ಒಡೆಯ ಯಾರು ಎಲ್ಲ ಮರೆತುಹೋಗಿ ಗಂಟೆಯೊಂದೇ ಉಳಿಯುತ್ತದೆ.

ನನ್ನ ನಾಯಿಯನ್ನು ಲಂಬಾಣಿ ತಾಂಡಾದಿಂದ ಒಂದು ಸೇರು ತುಪ್ಪ ಕೊಟ್ಟು ತಂದಿದ್ದೆ. ಹೆಣ್ಣು, ಹೊಟ್ಟೆ ಬೆನ್ನಿಗೆ ಹತ್ತಿದ ಉದ್ದ ಕಾಲಿನ ಜಾತಿ. ಓಟದಲ್ಲಿ ಅದನ್ನು ಮೀರಿಸುವ ನಾಯಿಗಳು ಸುತ್ತಮುತ್ತ ಇದ್ದವು. ಆದರೆ ಅದು ಮೊಲವನ್ನು ಕೊಲ್ಲುತ್ತಿರಲಿಲ್ಲ. ಬೆನ್ನಿನ ಚರ್ಮ ಹಿಡಿದು ಜೀವಂತ ತಂದು ಚಾಚಾನ ಕಾಲ ಬಳಿ ಇಡುತ್ತಿತ್ತು. ಚಾಚಾ ಬಿಸ್ಮಿಲ್ಲಾ ಎಂದು ಚೂರಿ ಹಾಕಿದ ಮೇಲೆ ಅದರ ಮಾಂಸ ಅವನಿಗೂ ನಡೆಯುತ್ತಿತ್ತು, ನಮಗೂ ನಡೆಯುತ್ತಿತ್ತು. ಇದನ್ನು ನಾನು ಕಲಿಸಿದ್ದಲ್ಲ. ಒಂದೆರಡು ಸಲ ಸತ್ತ ಮೊಲ ತಂದಾಗ ಚಾಚಾ ಮುಟ್ಟದೆ ಎದ್ದು ಹೋದ. ಮೂರನೆಯ ಸಲದಿಂದ ಅದು ತಾನಾಗಿ ಹಲ್ಲು ಸಡಿಲಿಸಿತು.

ಈ ಸುದ್ದಿಯೇ ಮುಳುವಾಯಿತು. ಜೀವಂತ ಮೊಲ ತರುವ ನಾಯಿ ಇದೆಯೆಂಬುದು ಔರಾದಿನ ಠಾಣೆಯ ಅಮೀನ ಸಾಹೇಬನ ಕಿವಿಗೆ ಬಿತ್ತು. ಅಮೀನನೆಂದರೆ ಆಗ ಪೊಲೀಸರ ದೊಡ್ಡವನು. ಅವನು ಬಾಯಿಬಿಟ್ಟು ಕೇಳಿದನೋ ಇಲ್ಲವೋ, ನಮ್ಮ ಪಾಟೀಲ ಕೊಡುತ್ತೇನೆ ಎಂದುಬಿಟ್ಟಿದ್ದ. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಅವನಷ್ಟು ಜಾಣ ನಮ್ಮ ಸೀಮೆಯಲ್ಲಿ ಇರಲಿಲ್ಲ. ಆ ವರ್ಷ ನಿಜಾಮನ ಕಡೆಯ ಬಂದೂಕು ಹಿಡಿದವರು ಲಾರಿಯಲ್ಲಿ ಊರೂರಿಗೆ ಬಂದು ಜೋಳ, ತುಪ್ಪ ಎತ್ತಿಕೊಂಡು ಹೋಗುತ್ತಿದ್ದರು. ಪಾಟೀಲನ ವಾಡೆಯ ಮುಂದೆ ಅವರಿಗೆ ಊಟದ ಎಲೆ ಬೀಳುತ್ತಿತ್ತು, ಜೋಳ ಮಾತ್ರ ನಮ್ಮ ಮನೆಗಳಿಂದ ಹೋಗುತ್ತಿತ್ತು.

ನಾನು ಭಾಲ್ಕಿ ಸಂತೆಗೆ ಹೋದ ದಿನ ಪಾಟೀಲನ ಕಡೆಯಿಂದ ತಳವಾರ ಹಗ್ಗ ಹಿಡಿದು ನಮ್ಮ ಮನೆಗೆ ಬಂದ. ನನ್ನ ತಂದೆ ತಾವೇ ನಾಯಿಯ ಕೊರಳಿಗೆ ಆ ಹಗ್ಗ ಹಾಕಿ ಕೊಟ್ಟರು. ಸಂಜೆ ಬಂದು ಕೇಳಿದರೆ ನನ್ನ ಮುಖ ನೋಡದೆ ಎತ್ತಿಗೆ ಮೇವು ಹಾಕುತ್ತ ನಿಂತರು. ನಾನು ಸೀದಾ ವಾಡೆಗೆ ಹೋದೆ. ಚಪ್ಪಲಿ ಅಗಸಿ ಬಾಗಿಲ ಹೊರಗೇ ಬಿಟ್ಟು, ಕೈ ಮುಗಿದು, ಧಣಿ ಎಂದು ಕರೆದು ನಾಯಿ ಕೇಳಿದೆ. ಅಷ್ಟೆಲ್ಲ ಬಗ್ಗಿದ್ದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಪಾಟೀಲ ಎಲೆ ಅಡಿಕೆ ಅಗಿಯುತ್ತ ಹೇಳಿದ:

“ಮಂದಿ ಹೊಲಾ ಮನಿ ಕಳ್ಕೊಳ್ಳಲತ್ತಾರ. ನಿನ್ನ ಕಡಿಂದ ಒಂದು ನಾಯಿ ಹೋಯ್ತು. ಪುಣ್ಯಾ ಮಾಡೀದಿ ಅಂತ ತಿಳ್ಕೊಂಡು ಮನಿಗಿ ನಡಿ.”

ನನ್ನ ನಾಯಿ ಅಲ್ಲೇ ಕಂಬಕ್ಕೆ ಕಟ್ಟಿಸಿಕೊಂಡು ಎದ್ದು ನಿಂತಿತ್ತು. ನಾನು ಬೆನ್ನು ತಿರುಗಿಸಿ ಬಂದೆ. ಆದರೆ ಹಾದಿಯಲ್ಲಿ ಒಂದು ವಿಷಯ ಹೊಳೆದು ನಗು ಬಂತು. ಪಾಟೀಲ ನಾಯಿಯನ್ನು ಒಯ್ದಿದ್ದ, ಗಂಟೆಯನ್ನು ಕೇಳಿರಲಿಲ್ಲ. ಅವನು ಬೇಟೆ ನೋಡಿದ್ದೆಲ್ಲ ಬಂಡಿಯಲ್ಲಿ ಕಂಬಳಿ ಹೊದ್ದು ಕೂತು. ಗಂಟೆ ಇರುವುದು ಮೊಲಕ್ಕಾಗಿ ಎಂದು ತಿಳಿದಿದ್ದ.

ಮುಂದಿನ ಅಮಾವಾಸ್ಯೆಗೆ ಅಮೀನ ಬೇಟೆಗೆ ಬರುತ್ತಾನೆ, ಆ ರಾತ್ರಿಯೇ ನಾಯಿಯನ್ನು ಅವನಿಗೆ ಒಪ್ಪಿಸುತ್ತಾರೆ ಎಂದು ಗೊತ್ತಾಯಿತು. ದೀಪ ಹೊರಲು ಚಾಚಾನಿಗೆ ಪಾಟೀಲನಿಂದ ಕರೆ ಬಂದಿತ್ತು, ಇಲ್ಲ ಎನ್ನುವ ಹಾಗಿರಲಿಲ್ಲ. ನಾನು ಚಾಚಾನ ಮುಂದೆ ನನ್ನ ಉಪಾಯ ಬಿಚ್ಚಿದೆ. ಅವನು ತಿದಿ ಊದುವುದನ್ನು ನಿಲ್ಲಿಸಿದ. ಆಮೇಲೆ ಹೇಳಿದ: “ಬ್ಯಾಡ ಬೇಟಾ. ದೊಡ್ಡವರ ಬಾಯಾಗಿನ ತುತ್ತು ಕಸದ್ರ ಅವರು ತುತ್ತಿನ ಮ್ಯಾಲೇ ಸಿಟ್ಟು ತೀರಿಸ್ಕೋತಾರ.” ಹಾಗಿದ್ದರೆ ನಾಯಿಯನ್ನು ಕರೆದುಕೊಂಡು ಮೆಹಕರದ ನಮ್ಮ ಸೋದರತ್ತೆಯ ಮನೆಗೆ ಓಡಿಬಿಡುತ್ತೇನೆ ಎಂದೆ. ಓಡುವುದಾದರೆ ಓಡು, ಆಟ ಆಡಬೇಡ ಎಂದ.

ಆ ರಾತ್ರಿ ನಾನು ಕಡಲೆ ಹೊಲದ ಆಚೆ, ತೊಗರಿ ಹೊಲದ ಬದುವಿನ ಹಿಂದೆ ಕಂಬಳಿ ಹೊದ್ದು ಕೂತಿದ್ದೆ. ಗಂಟೆಯ ನಾಲಗೆಗೆ ಅರಿವೆ ಸುತ್ತಿದ್ದೆ. ಅಮೀನನ ಬಂಡಿ, ಪಾಟೀಲನ ಬಂಡಿ, ಹತ್ತು ಹದಿನೈದು ಆಳುಗಳು, ಮದುವೆಯ ದಿಬ್ಬಣದ ಹಾಗೆ ಬಂದರು. ಚಾಚಾ ದೀಪ ಹೊತ್ತು ಮುಂದೆ ನಡೆದ. ಹಿಂದೆ ತಳವಾರ ಯಾವುದೋ ಎತ್ತಿನ ಕೊರಳ ಗಂಟೆ ಬಾರಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತಿತು, ನಾಯಿ ಓಡಿದ ಸದ್ದು ಕೇಳಿತು, ಮೊಲದ ಕೀರಲು ದನಿ ಕೇಳಿತು. ತಳವಾರ ಮತ್ತೆ ಗಂಟೆ ಬಾರಿಸಿದ. ಅದು ನಾಯಿ ಬಲ್ಲ ಗಂಟೆಯಲ್ಲ. ಕತ್ತಲಲ್ಲಿ ಎಲ್ಲೋ ನಿಂತು ಕಾಯುತ್ತಿತ್ತೆಂದು ಕಾಣುತ್ತದೆ. ನಾನು ಅರಿವೆ ಬಿಚ್ಚಿ ನನ್ನ ಗಂಟೆಯನ್ನು ಎರಡೇ ಸಲ ಆಡಿಸಿದೆ.

ತೊಗರಿ ಗಿಡ ಸರಕ್ಕೆಂದವು, ನಾಯಿ ನನ್ನ ಮುಂದಿತ್ತು. ಬಾಯಲ್ಲಿ ಜೀವಂತ ಮೊಲ. ಬಾಲದಿಂದ ನನ್ನ ಮೊಣಕಾಲಿಗೆ ಹೊಡೆಯುತ್ತಿತ್ತು. ಹುರಿ ನನ್ನ ಹೆಗಲ ಮೇಲೇ ಇತ್ತು. ಅದನ್ನು ಕೊರಳಿಗೆ ಹಾಕಿ, ಹಳ್ಳ ಇಳಿದು, ಬೆಳಗಾಗುವುದರೊಳಗೆ ಮೆಹಕರ ಸೇರಬಹುದಿತ್ತು. ನಾನು ಮೊಲವನ್ನು ಚೀಲಕ್ಕೆ ಹಾಕಿ ನಾಯಿಯ ಬೆನ್ನು ತಟ್ಟಿ ಮತ್ತೆ ದೀಪದ ಕಡೆಗೆ ಕಳಿಸಿದೆ. ಪಾಟೀಲನ ಮುಖ ಒಂದು ಸಲಕ್ಕೆ ಕಪ್ಪಾದರೆ ನನಗೆ ಸಾಲುತ್ತಿರಲಿಲ್ಲ. ಎರಡನೆಯ ಮೊಲವೂ ನನಗೇ ಬಂತು. ಆಗಲೂ ಕಳಿಸಿದೆ. ಮೂರನೆಯದಕ್ಕೆ ಬಂಡಿಯ ಕಡೆಯಿಂದ ಅಮೀನ ದೊಡ್ಡ ದನಿಯಲ್ಲಿ ಬೈಯುವುದು ಕೇಳಿಸಿತು. ನಾಯಿಯ ಜೊತೆ ತನ್ನನ್ನೂ ಆಟವಾಡಿಸಲು ಕರೆದಿದ್ದೀಯಾ ಎಂದು ಆಳುಗಳ ಮುಂದೆ ಪಾಟೀಲನ ತಾಯಿ ತಂಗಿಯರನ್ನೆಲ್ಲ ಎಳೆದ. ನಾನು ಬದುವಿನ ಹಿಂದೆ ಕಂಬಳಿ ಬಾಯಿಗೆ ತುರುಕಿಕೊಂಡು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮೂರನೆಯ ಮೊಲವನ್ನೂ ತೆಗೆದುಕೊಂಡು ನಾಲ್ಕನೆಯ ಸಲ ನಾಯಿಯನ್ನು ಕಳಿಸಿದೆ. ಅಷ್ಟರಲ್ಲಿ ಆಳುಗಳು ಹೊಲದ ತುಂಬ ಚದುರಿದ್ದರು. ನಾಯಿಯನ್ನು ಹಿಡಿದರು. ನಾನು ಎಷ್ಟು ಬಾರಿಸಿದರೂ ಅದು ಬರಲಿಲ್ಲ.

ನನ್ನ ಗಂಟೆಯ ಸದ್ದನ್ನು ಎಲ್ಲರೂ ಕೇಳಿದ್ದರು. ಅಮೀನ ನಾಯಿಯನ್ನು ಒಯ್ಯಲೊಲ್ಲದೆ ರಾತ್ರಿಯೇ ಹೊರಟುಹೋದ. ಬೆಳಿಗ್ಗೆ ಪಾಟೀಲ ವಾಡೆಯ ಮುಂದೆ ನಾಯಿಯನ್ನು ಕಟ್ಟಿಸಿ ತನ್ನ ಬಂದೂಕಿನಿಂದ ಹೊಡೆದ. ಸದ್ದು ನಮ್ಮ ಮನೆಗೆ ಕೇಳಿಸಿತು. ಆಮೇಲೆ ತಳವಾರ ಬಂದು ನಮ್ಮ ಅಂಗಳದಲ್ಲಿ ನಿಂತು, ನೆಲ ನೋಡುತ್ತ, ಪಾಟೀಲನ ಮಾತನ್ನು ಒಪ್ಪಿಸಿದ: “ಈಗ ಗಂಟಿ ಬಾರ್ಸು ಅಂದಾರ. ಬರ್ತದೇನು ನೋಡಮ್ ಅಂದಾರ.”

ನಾಯಿಯನ್ನು ಹಳ್ಳಕ್ಕೆ ಎಸೆದಿದ್ದರು. ನಾನೂ ಚಾಚಾನೂ ಹೋಗಿ ಹೂತು ಬಂದೆವು. ಅದರ ಮರಿಯೊಂದು ಚಾಚಾನ ಮನೆಯಲ್ಲಿ ಬೆಳೆಯುತ್ತಿತ್ತು, ಅದನ್ನು ಎತ್ತಿಕೊಂಡು ಕೂತ. ಪಾಟೀಲನನ್ನು ಮಣ್ಣು ಮುಕ್ಕಿಸದಿದ್ದರೆ ನಾನು ನನ್ನಪ್ಪನಿಗೆ ಹುಟ್ಟಿದವನಲ್ಲ ಎಂದು ಆಣೆ ಮಾಡಿಕೊಂಡೆ. ಇಪ್ಪತ್ತು ವರ್ಷದವರು ಮಾಡುವ ಆಣೆ ಎಂದು ಅದನ್ನು ತಳ್ಳಿಹಾಕಬಾರದು. ನಾನು ದಿನಾ ಎದ್ದು ಅದನ್ನು ನೆನೆಯುತ್ತಿದ್ದೆ.

ಅದೇ ವರ್ಷ ಭಾದ್ರಪದದಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು. ನೆತ್ತಿಯ ಮೇಲೆ ವಿಮಾನ ಹಾರಿದವು, ಬೀದರಿನ ಕಡೆ ಮಿಲಿಟರಿ ಲಾರಿಗಳು ಹೋದವು, ನಾಲ್ಕೈದು ದಿನದಲ್ಲಿ ನಿಜಾಮನ ರಾಜ್ಯ ಮುಗಿಯಿತು ಎಂದರು. ಔರಾದಿನ ಅಮೀನ ಎಲ್ಲಿ ಹೋದನೋ ಯಾರಿಗೂ ತಿಳಿಯಲಿಲ್ಲ. ಪಾಟೀಲ ಒಂದು ದಿನ ಮನೆಯಿಂದ ಹೊರಗೆ ಬರಲಿಲ್ಲ. ಎರಡನೆಯ ದಿನ ಬಿಳಿ ಟೋಪಿ ಹಾಕಿಕೊಂಡು ಬಂದ.

ಇಷ್ಟು ದಿನ ಮೆರೆದವರು ಬಂದೂಕಿನವರು, ಆದರೆ ಅವರು ಓಡಿಹೋಗಿದ್ದರು. ಊರೂರಿನ ಸಿಟ್ಟೆಲ್ಲ ಏನೂ ಮಾಡದ ಬಡ ಮುಸಲ್ಮಾನರ ಮನೆಗಳ ಮೇಲೆ ಬಿತ್ತು. ಪಕ್ಕದ ಊರುಗಳಿಂದ ಗುಂಪು ಬಂದವು. ಚಾಚಾನ ಮನೆಗೆ ಬೆಂಕಿ ಹಚ್ಚಿದರು, ತಿದಿಯನ್ನು ಕುಡುಗೋಲಿನಿಂದ ಹರಿದರು. ಹರಿದವರಲ್ಲಿ ಇಬ್ಬರ ಮನೆಯ ಪಾತ್ರೆಗಳಿಗೆ ಹಿಂದಿನ ವಾರವೇ ಅವನು ಕಲಾಯಿ ಹಾಕಿಕೊಟ್ಟಿದ್ದ. ಕತ್ತಲಾದ ಮೇಲೆ ಚಾಚಾ ನಮ್ಮ ಹಿತ್ತಿಲ ಬಾಗಿಲಿಗೆ ಬಂದ, ಜೊತೆಗೆ ಆ ಮರಿ. ನಾನು ತಂದೆಯ ಮುಖ ನೋಡಿದೆ. ಅವರು ಹೆದರುವವರು, ಎಲ್ಲರಿಗೂ ಕೈ ಮುಗಿಯುವವರು. ಎದ್ದು ಹೋಗಿ ದನದ ಕೊಟ್ಟಿಗೆಯಲ್ಲಿ ಜೋಳ ತುಂಬಿಡುವ ನೆಲಮಾಳಿಗೆಯ ಹಗೇವಿನ ಕಲ್ಲು ಸರಿಸಿದರು. ಸುಗ್ಗಿಗೆ ಇನ್ನೂ ಬಹಳ ದಿನವಿದ್ದುದರಿಂದ ಹಗೇವು ಬರಿದಾಗಿತ್ತು. ಗಾಳಿ ಸರಿಯಿದೆಯೇ ಎಂದು ಒಂದು ಹಣತೆ ಇಳಿಬಿಟ್ಟು ನೋಡಿದರು. ಅದು ಆರಲಿಲ್ಲ.

“ನಾಯಿ ಕೊಟ್ಟೀನಿ,” ಎಂದರು ನನಗೆ. “ಮನಷಾನ್ನ ಕೊಡಂಗಿಲ್ಲ.”

ಚಾಚಾ ಒಂಬತ್ತು ದಿನ ಆ ಹಗೇವಿನಲ್ಲಿದ್ದ. ರಾತ್ರಿ ನಾನು ರೊಟ್ಟಿ, ನೀರು ಇಳಿಸಿ ಸ್ವಲ್ಪ ಹೊತ್ತು ಒಳಗೇ ಕೂರುತ್ತಿದ್ದೆ. ಭಾಲ್ಕಿಗೆ ಒಬ್ಬ ಮಿಲಿಟರಿ ಸಾಹೇಬ ಬಂದು ಕೂತಿದ್ದಾನೆ, ಬಂದೂಕಿನವರಿಗೆ ಕೂಳು ಹಾಕಿದವರ ಮೇಲೆ ಜನ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಾನೆ, ಮೂರು ಊರ ಪಾಟೀಲರನ್ನು ಆಗಲೇ ಬೀದರಿನ ಜೈಲಿಗೆ ಒಯ್ದಿದ್ದಾರೆ ಎಂದು ಅವನಿಗೆ ಸುದ್ದಿ ಹೇಳಿದೆ. ನಮ್ಮೂರಿನಿಂದ ಸಾಕ್ಷಿ ಹೇಳಲು ನನಗೆ ಕರೆ ಬಂದಿತ್ತು. ಊರಲ್ಲಿ ನಾಲ್ಕು ಅಕ್ಷರ ಬಲ್ಲವನು ನಾನೇ. ಎಷ್ಟು ಚೀಲ ಜೋಳ ಹೋಯಿತು, ಯಾವ ದಿನ ಯಾರಿಗೆ ಊಟ ಹಾಕಿದ ಎಂಬುದನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಆ ಒಂಬತ್ತು ದಿನ ನಾನು ಎಷ್ಟು ಸುಖವಾಗಿದ್ದೆ ಎಂದರೆ ಹೇಳಲು ನಾಚಿಕೆಯಾಗುತ್ತದೆ. ಮನೆಯಡಿ ಒಬ್ಬ ಮನುಷ್ಯ ಜೀವ ಹಿಡಿದು ಕೂತಿದ್ದ, ನನಗೆ ಪಾಟೀಲನ ಕೈಗೆ ಬೀಳುವ ಬೇಡಿಯೇ ಕಾಣುತ್ತಿತ್ತು.

ನಾಯಿಯ ಸೇಡು ತೀರಿತು ಎಂದು ಚಾಚಾನಿಗೆ ಹೇಳಿದಾಗ ಅವನು ಕತ್ತಲಲ್ಲಿ ಮೆಲ್ಲಗೆ ಅಂದ: “ಮೊದಲ್ನೇ ಸಲ ಬಂದಾಗೇ ಹುರಿ ಹಾಕಿದ್ದಿ ಅಂದ್ರ ಅದು ಇವತ್ತು ಇರ್ತಿತ್ತು ಬೇಟಾ.”

ನಾನು ಮೇಲೆ ಹತ್ತಿ ಬಂದುಬಿಟ್ಟೆ. ಎರಡು ದಿನ ಅವನಿಗೆ ತಾಯಿಯ ಕೈಯಲ್ಲಿ ರೊಟ್ಟಿ ಕಳಿಸಿದೆ.

ಭಾಲ್ಕಿಗೆ ಹೋಗುವ ಹಿಂದಿನ ಸಂಜೆ ಪಾಟೀಲ ನಮ್ಮ ಮನೆಗೆ ಬಂದ. ಹಿಂದೆಂದೂ ನಮ್ಮ ಅಂಗಳ ತುಳಿದವನಲ್ಲ. ತಂದೆ ಕಂಬಳಿ ಹಾಸಿದರು, ಅವನು ಕೂರಲಿಲ್ಲ. ದನ ನೋಡುವ ನೆಪದಲ್ಲಿ ಕೊಟ್ಟಿಗೆಯೊಳಗೆ ಬಂದ. ಮರಿ ಹಗೇವಿನ ಬಾಯಿಕಲ್ಲಿನ ಮೇಲೆ ಮೂತಿಯಿಟ್ಟು ಮಲಗಿತ್ತು. ಬಂದ ದಿನದಿಂದ ಅದು ಅಲ್ಲಿಂದ ಏಳುತ್ತಿರಲಿಲ್ಲ, ಚಾಚಾ ಕೆಳಗಿದ್ದನಲ್ಲ. ನಮಗೆ ಯಾರಿಗೂ ಅದನ್ನು ಬೇರೆ ಕಡೆ ಕಟ್ಟಬೇಕೆಂದು ತೋಚಿರಲಿಲ್ಲ. ಪಾಟೀಲ ಅದನ್ನು ಕಾಲಿನಿಂದ ಸರಿಸಿದ. ಅದು ಮತ್ತೆ ಬಂದು ಅಲ್ಲೇ ಮಲಗಿತು. ಇನ್ನೊಮ್ಮೆ ಸರಿಸಿದ. ಮತ್ತೆ ಬಂತು.

“ನಾಯಿ ಹಗೇವಿನ ಬಾಯಿ ಬಿಟ್ಟು ಏಳವಲ್ದು,” ಎಂದ. “ಒಳಗ ಮೊಲ ಇಟ್ಟೀಯೇನು?”

ಪಾಟೀಲ ದನಿ ಏರಿಸದೆ ತನ್ನ ಮಾತು ಹೇಳಿದ. ನಾಳೆ ಭಾಲ್ಕಿಯಲ್ಲಿ ತನ್ನ ಬಗ್ಗೆ ಒಳ್ಳೆಯ ನಾಲ್ಕು ಮಾತು ಬರೆಸಿ ಸಹಿ ಹಾಕಿದರೆ ತಾನು ಈ ಕೊಟ್ಟಿಗೆಗೆ ಬಂದೇ ಇಲ್ಲ. ಇಲ್ಲವಾದರೆ ಊರ ಅಗಸಿಯಲ್ಲಿ ಪಕ್ಕದೂರಿನ ಹುಡುಗರು ಕೂತಿದ್ದಾರೆ, ಅವರಿಗೆ ಹಗೇವು ತೋರಿಸಲು ತನಗೆ ಹೆಚ್ಚು ಹೊತ್ತು ಬೇಡ. ಹೇಳಿ, ಟೋಪಿ ಸರಿಮಾಡಿಕೊಂಡು ಹೋದ. ನನ್ನ ಕೈಯಲ್ಲಿ ಮೇವು ಕತ್ತರಿಸುವ ಕುಡುಗೋಲಿತ್ತು. ಅದನ್ನು ಅವನ ಬೆನ್ನಿಗೆ ಹಾಕಲಿಲ್ಲ ಎಂಬುದಕ್ಕೆ ನನ್ನ ತಂದೆ ಕಾರಣ. ನನ್ನ ಮಣಿಕಟ್ಟನ್ನು ಹಿಡಿದೇ ಇದ್ದರು.

ಮರುದಿನ ಭಾಲ್ಕಿಯಲ್ಲಿ ರೈಲು ನಿಲ್ದಾಣದ ಹತ್ತಿರ ಮರದ ಕೆಳಗೆ ಮೇಜು ಹಾಕಿಕೊಂಡು ಸಾಹೇಬ ಕೂತಿದ್ದ. ಪಕ್ಕದಲ್ಲಿ ಒಬ್ಬ ಗುಮಾಸ್ತ ಉರ್ದುವಿನಲ್ಲಿ ಬರೆಯುತ್ತಿದ್ದ. ನಾನು ಹೇಳಿದೆ: ನಮ್ಮ ಪಾಟೀಲರು ಬಂದೂಕಿನವರಿಗೆ ಒಂದು ಕಾಳು ಕೊಡಲಿಲ್ಲ. ಅಮೀನನ ಮಾತಿಗೆ ಎದುರಾಡಿದರು. ಸ್ವರಾಜ್ಯದ ಹುಡುಗರನ್ನು ವಾಡೆಯಲ್ಲಿ ಅಡಗಿಸಿಟ್ಟು ಅನ್ನ ಹಾಕಿದರು. ಹೇಳುತ್ತ ಹೋದ ಹಾಗೆ ಸುಳ್ಳು ಸಲೀಸಾಯಿತು, ಸಾಹೇಬನಿಗೆ ಖುಷಿಯಾಯಿತು. ನಾನು ಕಲಿತದ್ದು ಉರ್ದು ಸಾಲೆ, ಆ ಅಕ್ಷರದಲ್ಲೇ ಸಹಿ ಹಾಕಿದೆ.

ಪಾಟೀಲನ ಮಾತನ್ನು ನಂಬಿ ಚಾಚಾನನ್ನು ಊರಲ್ಲಿ ಇಡುವ ಹಾಗಿರಲಿಲ್ಲ. ಅಮಾವಾಸ್ಯೆ ಹತ್ತಿರವಾಗಿತ್ತು. ಅವನ ತಲೆಗೆ ದೀಪದ ಮಡಿಕೆ ಹೊರಿಸಿದೆ, ನಾನು ಗಂಟೆ ಹಿಡಿದೆ, ಮರಿಗೆ ಹುರಿ ಕಟ್ಟಿದೆ. ಎರಡು ರಾತ್ರಿ ನಡೆದೆವು, ಹಗಲು ಹಳ್ಳದ ಪೊದೆಯಲ್ಲಿ ಬಿದ್ದಿದ್ದೆವು. ಒಂದು ಕಡೆ ಬಡಿಗೆ ಹಿಡಿದ ಏಳೆಂಟು ಜನ ಅಡ್ಡ ಬಂದರು. ದೀಪ ಅವರ ಕಣ್ಣಿಗೇ ಹೊಡೆಯುತ್ತಿತ್ತು, ಹೊತ್ತವನ ಗಡ್ಡ ಅವರಿಗೆ ಕಾಣಲಿಲ್ಲ. ಮೊಲದವರು ಎಂದುಕೊಂಡರು, ಎಷ್ಟು ಸಿಕ್ಕವು ಎಂದು ಕೇಳಿದರು. ಇನ್ನೂ ಒಂದೂ ಇಲ್ಲ ಎಂದೆ. ಹಾದಿ ಬಿಟ್ಟರು. ಮೂರನೆಯ ದಿನ ನಸುಕಿನಲ್ಲಿ ಬೀದರಿನ ಕೋಟೆ ಕಂಡಿತು. ಚಾಚಾ ಮಡಿಕೆ ಇಳಿಸಿ, ಬಹಳ ಹೊತ್ತು ಕೂತು ಕೆಮ್ಮಿದ. ಮಗಳ ಮನೆಯ ಓಣಿಯಲ್ಲೇ ಕಲಾಯಿ ಅಂಗಡಿ ಇಟ್ಟುಕೊಂಡು ಇನ್ನೂ ಹನ್ನೆರಡು ವರ್ಷ ಬದುಕಿದ. ಅವನು ಇರುವವರೆಗೂ ನಾನು ಬಾಯಿ ಬಿಡಲಿಲ್ಲ. ಪಾಟೀಲನ ಕೈ ಬೀದರಿನವರೆಗೂ ಚಾಚುತ್ತಿತ್ತು.

ನಾನು ಭಾಲ್ಕಿಯಲ್ಲಿ ಸಾಲೆ ಮಾಸ್ತರನಾದೆ. ಪಾಟೀಲ ದೊಡ್ಡ ಮನುಷ್ಯನಾದ. ಧ್ವಜ ಹಾರಿಸಲು ನಮ್ಮ ಸಾಲೆಗೆ ಅವನೇ ಬರುತ್ತಿದ್ದ, ಅಮೀನನನ್ನು ಎದುರಿಸಿದ ಕಥೆ ಹೇಳುತ್ತಿದ್ದ. ಅದು ನಾನು ಮರದ ಕೆಳಗೆ ಕಟ್ಟಿದ ಕಥೆ. ಮಕ್ಕಳು ಚಪ್ಪಾಳೆ ತಟ್ಟುವಾಗ ನಾನೂ ತಟ್ಟಬೇಕಿತ್ತು. ತಟ್ಟಿದೆ. ಒಂದೊಂದು ಚಪ್ಪಾಳೆಯನ್ನೂ ಎದೆಯೊಳಗೆ ಇಟ್ಟುಕೊಂಡೆ.

ಹೀಗೆ ಇಪ್ಪತ್ತು ಇಪ್ಪತ್ತೈದು ವರ್ಷ ಕಳೆದ ಮೇಲೆ, ಚಳವಳಿಯಲ್ಲಿದ್ದವರಿಗೆ ಸರ್ಕಾರ ಗೌರವಪತ್ರ, ಪಿಂಚಣಿ ಕೊಡುತ್ತದೆ ಎಂದಾಯಿತು. ಪಾಟೀಲ ಅರ್ಜಿ ಹಾಕಿದ. ಅವನಲ್ಲಿದ್ದ ಪುರಾವೆ ಒಂದೇ, ನನ್ನ ಸಹಿಯ ಆ ಹಳೆಯ ಕಾಗದ. ಬೀದರಿನ ಕಚೇರಿಯ ಹೊಸ ಅಧಿಕಾರಿಗೆ ಉರ್ದು ಓದಲು ಬರುತ್ತಿರಲಿಲ್ಲ. ಸಹಿ ಹಾಕಿದವನೇ ಬಂದು ನನ್ನದು ಎಂದು ಹೇಳಲಿ ಎಂದಿದ್ದ. ಪಾಟೀಲ ಒಂದು ಡಜನ್ ಬಾಳೆಹಣ್ಣು ಹಿಡಿದು ನನ್ನ ಮನೆಗೆ ಬಂದ. ಮುದುಕನಾಗಿದ್ದ, ನನ್ನನ್ನು ಮಾಸ್ತರ್ರೇ ಎಂದು ಕರೆದ. ಬರುತ್ತೇನೆ ಎಂದೆ. ಹೆಂಡತಿಗೆ ಚಹಾ ಮಾಡಲು ಹೇಳಿದೆ.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬೀದರಿಗೆ ಹೋದೆವು. ಅವನು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ. ನಾನು ಅಲುಗಾಡದೆ ಕೂತೆ. ಅವನಿಗೆ ಎಚ್ಚರವಾಗಬಾರದು, ಸುಸ್ತಾಗಬಾರದು, ಕಚೇರಿಯಲ್ಲಿ ಅವನ ಕಿವಿಗೆ ಚೆನ್ನಾಗಿ ಕೇಳಿಸಬೇಕು ಎಂದು ನನಗೆ ಆಸೆಯಾಗಿತ್ತು.

ಅಧಿಕಾರಿ ಕಾಗದ ಮುಂದಿಟ್ಟು ಕೇಳಿದ. ಸಹಿ ನನ್ನದು, ಮೇಲೆ ಬರೆದದ್ದೆಲ್ಲ ಸುಳ್ಳು ಎಂದೆ. ಜೋಳದ ಚೀಲಗಳು, ಊಟದ ಎಲೆಗಳು, ಅಮೀನನ ಬೇಟೆ, ಕೊಟ್ಟಿಗೆಯಲ್ಲಿ ಆದ ಮಾತು, ಎಲ್ಲ ಹೇಳಿದೆ. ಬಾಯಿಪಾಠ ಮಾಡಿದ್ದು ಒಂದಕ್ಷರವೂ ಮರೆತಿರಲಿಲ್ಲ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನನಗೇನು ಶಿಕ್ಷೆ ಕೊಡುತ್ತೀರೋ ಕೊಡಿ ಎಂದೆ. ಅಧಿಕಾರಿ ಪಾಟೀಲನ ಮುಖ ನೋಡಿದ, ಫೈಲು ಮುಚ್ಚಿ ದಾರ ಕಟ್ಟಿದ. ನನಗೆ ಸಂತೋಷವಾಯಿತು. ಈಗಲೂ ಹೇಳುತ್ತೇನೆ, ಬಹಳ ಸಂತೋಷವಾಯಿತು.

ಹೊರಗೆ ಮೆಟ್ಟಿಲ ಮೇಲೆ ಪಾಟೀಲ ನಿಂತಿದ್ದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅವನ ಕಾಲಿಗೆ ಚಪ್ಪಲಿ ಸಿಗುತ್ತಿರಲಿಲ್ಲ. ಕಲಾಯಿಯವನು ಬದುಕಿಕೊಂಡನಲ್ಲ, ತಾನು ಕೊಟ್ಟ ಮಾತು ಉಳಿಸಿಕೊಂಡೆನಲ್ಲ, ಮತ್ತೆ ಇಷ್ಟು ವರ್ಷದ ಮೇಲೆ ಇದು ಯಾಕೆ ಎಂದು ಕೇಳಿದ. ನಾನು ಈ ಪ್ರಶ್ನೆಗೇ ಕಾದಿದ್ದೆ.

“ನಾಯಿ,” ಎಂದೆ.

“ಯಾವ ನಾಯಿ?”

ನಾಟಕ ಮಾಡುತ್ತಾನೆ ಎಂದು ಅವನ ಕಣ್ಣನ್ನೇ ನೋಡಿದೆ. ನಾಟಕವಲ್ಲ. ನಾನು ಹೇಳುತ್ತ ಹೋದೆ. ಗೋಧಿ ಬಣ್ಣದ್ದು. ಬಲಗಿವಿ ಬೇಲಿಗೆ ಸಿಕ್ಕು ಹರಿದಿತ್ತು. ಎಡ ಹಿಂಗಾಲು ಬೆಳ್ಳಗಿತ್ತು. ಮೊಲವನ್ನು ಜೀವಂತ ತರುತ್ತಿತ್ತು. ನನ್ನ ದನಿ ಏರಿತು, ಕಚೇರಿಗೆ ಬಂದವರು ನಿಂತು ನೋಡತೊಡಗಿದರು. ಪಾಟೀಲ ಗೋಡೆ ಹಿಡಿದು, ಕಣ್ಣು ಮುಚ್ಚಿ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. ಕೊನೆಗೆ ತಲೆ ಅಲ್ಲಾಡಿಸಿದ.

“ಭಾಳ ನಾಯಿ ಸತ್ತಾವ್ರಿ ಮಾಸ್ತರ್ರ, ನನ್ನ ಕೈಯಾಗ,” ಎಂದ. “ಅದ್ರಾಗ ನಿಮ್ದು ಯಾವ್ದು?”